ಹ್ಯೂಗಿನ್: ಪನೋರಮಾಗಿಂತ ಲೆನ್ಸ್ ಅಳೆಯೋಕೇ ನನಗೆ ಜಾಸ್ತಿ ಒದಗಿದ ಸಾಫ್ಟ್‌ವೇರ್

ಹ್ಯೂಗಿನ್ ಅಂದರೆ ನಾಲ್ಕಾರು ಫೋಟೊ ಜೋಡಿಸಿ ಪನೋರಮಾ ಮಾಡಿಕೊಡುವ ಉಚಿತ ಸಾಫ್ಟ್‌ವೇರ್ ಅಂತ ಹೆಚ್ಚಿನವರಿಗೆ ಗೊತ್ತು. ನಾನು ವರ್ಷಗಳಿಂದ ಅದನ್ನು ತೆರೆಯುತ್ತಿರುವುದು ಬೇರೆ ಕೆಲಸಕ್ಕೆ. ಯಾವ ಲೆನ್ಸ್ ಗೆರೆಗಳನ್ನು ಎಷ್ಟು ಬಾಗಿಸುತ್ತದೆ ಅಂತ ಅಳೆಯೋಕೆ.

ಹಳೇ ಮನೆಗಳ ಒಳಭಾಗ ತೆಗೆಯೋಕೆ ನಾನು ಬಳಸುವುದು 14 ಎಂಎಂನ ಮ್ಯಾನುಯಲ್ ಲೆನ್ಸ್. ಕ್ಯಾಮೆರಾ ಜೊತೆ ಅದಕ್ಕೆ ಮಾತುಕತೆಯೇ ಇಲ್ಲ. ಎಕ್ಸಿಫ್‌ನಲ್ಲಿ, ಅಂದರೆ ಫೋಟೊ ಜೊತೆ ಕ್ಯಾಮೆರಾ ಬರೆದಿಡುವ ಮಾಹಿತಿಯಲ್ಲಿ, ಲೆನ್ಸ್ ಹೆಸರೂ ಇಲ್ಲ, ಫೋಕಲ್ ಲೆಂತೂ (ಆ 14 ಎಂಎಂ) ಇಲ್ಲ. ಗೋಡೆ, ಸೂರು ಸೇರುವ ಗೆರೆ ನಡುವೆ ಉಬ್ಬಿ, ಎರಡೂ ತುದಿಯಲ್ಲಿ ಮತ್ತೆ ಉಲ್ಟಾ ತಿರುಗುತ್ತದೆ, ಮೀಸೆ ಥರ. ಫೋಟೊ ಎಡಿಟರ್‌ನಲ್ಲಿ ಬಾಗು ಸರಿಮಾಡೋಕೆ ಇರುವ ಒಂದೇ ಸ್ಲೈಡರ್ ಎಳೆದರೆ ನಡುಭಾಗ ನೆಟ್ಟಗಾಗುತ್ತದೆ, ಮೂಲೆ ಇನ್ನೂ ಕೆಡುತ್ತದೆ.

ಇಲ್ಲಿ ಹ್ಯೂಗಿನ್ ನಿಜಕ್ಕೂ ಗೆಲ್ಲುತ್ತದೆ. ಅದರ ಒಳಗಿರುವುದು ಜರ್ಮನಿಯ ಪ್ರೊಫೆಸರ್ ಹೆಲ್ಮುಟ್ ಡೆರ್ಶ್ ಬರೆದ ಪನೋರಮಾ ಟೂಲ್ಸ್ ಎಂಬ ಸಾಫ್ಟ್‌ವೇರ್‌ನ ಲೆಕ್ಕ. ಲೆನ್ಸಿನ ಬಾಗನ್ನು ಹೇಳೋಕೆ ಎ, ಬಿ, ಸಿ ಅಂತ ಮೂರು ಸಂಖ್ಯೆ. ಸಾಮಾನ್ಯ ಉಬ್ಬಿಗೆ ಬಿ ಒಂದೇ ಸಾಕು, ಅದು ಮೈನಸ್‌ನಲ್ಲಿ ಬರುತ್ತದೆ. ಮೀಸೆಯಂಥ ಬಾಗಿಗೆ ಮಾತ್ರ ಮೂರೂ ಬೇಕು. ಫೋಟೊದ ಚಿಕ್ಕ ಬದಿಯ ಅರ್ಧವನ್ನು 1 ಅಂತ ಹಿಡಿದು ಲೆಕ್ಕ ಹಾಕುವುದರಿಂದ ಫೋಟೊ ಸೈಜ್ ಕಮ್ಮಿ ಮಾಡಿದರೂ ಸಂಖ್ಯೆ ಬದಲಾಗುವುದಿಲ್ಲ. ಕ್ರಾಪ್ ಮಾಡಿದರೆ ಮಾತ್ರ ಎಲ್ಲ ಹೋಯಿತು.

ಈ ಸಂಖ್ಯೆ ಸಿಗುವುದು ನಿಜಕ್ಕೂ ನೇರ ಇರುವ ಗೆರೆ ಫೋಟೊದಲ್ಲಿ ಎಷ್ಟು ಬಾಗಿದೆ ಅಂತ ನೋಡಿ. ಸಾಫ್ಟ್‌ವೇರ್‌ಗಿಂತ ತಲೆನೋವು ಅಂದರೆ ಅಂಥ ಒಳ್ಳೇ ಗೆರೆ ಹುಡುಕುವುದು. ಹೊಯ್ಸಳ ದೇವಸ್ಥಾನ ಈ ಕೆಲಸಕ್ಕೆ ಬರುವುದಿಲ್ಲ, ನಕ್ಷತ್ರದ ಆಕಾರದ ಗೋಡೆಯಲ್ಲಿ ಉದ್ದನೆಯ ನೇರ ಗೆರೆ ಎಲ್ಲಿ ಸಿಗಬೇಕು? ತೊಟ್ಟಿ ಮನೆಯ ತೊಲೆಗಳು ತಾವೇ ಜಗ್ಗಿರುತ್ತವೆ. ನನಗೆ ಹಿಡಿಸಿದ್ದು ಗಾಜಿನ ಮೈಯ ಐಟಿ ಕಟ್ಟಡಗಳು. ನೋಡೋಕೆ ಸಪ್ಪೆ, ಅಳೆಯೋಕೆ ಬಂಗಾರ. ಉದ್ದನೆಯ ಒಂದು ಗೆರೆ ಫ್ರೇಮಿನ ಮೇಲಂಚಿಗೆ ಹತ್ತಿರ, ಮೂಲೆಯಿಂದ ಮೂಲೆಗೆ ಹೋಗಬೇಕು. ಮೂಲೆ ಖಾಲಿ ಬಿಟ್ಟರೆ ಎ ಮತ್ತು ಸಿ ಮನಸ್ಸಿಗೆ ಬಂದ ಕಡೆ ಓಡುತ್ತವೆ.

ಹ್ಯೂಗಿನ್ ಜೊತೆಗೇ ಗೆರೆಗಳನ್ನು ತಾನಾಗಿ ಹುಡುಕಿ ಲೆನ್ಸ್ ಅಳೆಯುವ ಕ್ಯಾಲಿಬ್ರೇಷನ್ ಟೂಲ್ ಒಂದು ಬರುತ್ತದೆ. ನಮ್ಮ ಬೀದಿಗಳಲ್ಲಿ ಅದನ್ನು ಸುಮ್ನೆ ನಂಬಬೇಡಿ. ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ ವೈರ್ ಕೂಡ ಅದಕ್ಕೆ ಗೆರೆಯೇ. ವೈರಿನ ಜೋಲು ಲೆನ್ಸಿನ ತಲೆಗೆ ಬರುತ್ತದೆ! ಅದಕ್ಕೇ ನಾನು ಕೈಯಲ್ಲೇ ಗುರುತು ಹಾಕುತ್ತೇನೆ. ಇಂಟರ್‌ಫೇಸ್ ಅನ್ನು ಎಕ್ಸ್‌ಪರ್ಟ್‌ಗೆ ಬದಲಾಯಿಸಿ, ಕಂಟ್ರೋಲ್ ಪಾಯಿಂಟ್ ಟ್ಯಾಬ್‌ನಲ್ಲಿ ಎಡಕ್ಕೂ ಬಲಕ್ಕೂ ಅದೇ ಫೋಟೊ ಇಟ್ಟು, ‘ಹೊಸ ಗೆರೆ’ ಆಯ್ಕೆ ಮಾಡಬೇಕು. ಇಲ್ಲದಿದ್ದರೆ ಅದು ಗೆರೆಯನ್ನು ಅಡ್ಡ ಅಥವಾ ಲಂಬ ಅಂತ ತಾನೇ ತೀರ್ಮಾನಿಸಿಬಿಡುತ್ತದೆ. ಆಮೇಲೆ ಗೆರೆಯುದ್ದಕ್ಕೂ ಜೋಡಿ ಜೋಡಿಯಾಗಿ ಚುಕ್ಕಿ ಇಡುತ್ತಾ ಹೋಗುವುದು. ಕ್ಲಿಕ್ ಮಾಡಿದಾಗ ಆ ಜಾಗ ದೊಡ್ಡದಾಗಿ ಕಾಣುತ್ತದೆ, ಕಿಟಕಿ ಚೌಕಟ್ಟಿನ ಅಂಚಿನ ಮೇಲೇ ಕೂರಿಸಬಹುದು. ಬೇಜಾರಿನ ಕೆಲಸವೇ, ಕಾಫಿ ಪಕ್ಕದಲ್ಲಿದ್ದರೆ ಆಗುತ್ತದೆ.

ಆಮೇಲೆ ಆ ಚುಕ್ಕಿಗಳಿಂದ ಸಂಖ್ಯೆ ಲೆಕ್ಕ ಹಾಕುವ ಆಪ್ಟಿಮೈಸರ್‌ನಲ್ಲಿ ಎ, ಬಿ, ಸಿ ಮಾತ್ರ ಆರಿಸಿ. ನೋಟದ ಕೋನ, ಅಂದರೆ ವಿ, ಮುಟ್ಟಬೇಡಿ. ನೇರ ಗೆರೆ ಯಾವ ಕೋನದ ಲೆನ್ಸಿನಲ್ಲೂ ನೇರವೇ ಇರಬೇಕಲ್ವಾ? ಹಾಗಾಗಿ ಗೆರೆ ನೋಡಿ ಕೋನ ಗೊತ್ತಾಗುವುದಿಲ್ಲ. ಅದು ಬೇಕಿದ್ದರೆ ಒಂದು ಸುತ್ತು, 360 ಡಿಗ್ರಿ, ಪೂರ್ತಿ ತೆಗೆದು ಜೋಡಿಸಬೇಕು. ಕೊನೆಗೆ ತಪ್ಪಿನ ಸರಾಸರಿ ಪಿಕ್ಸೆಲ್ ಲೆಕ್ಕದಲ್ಲಿ ಬರುತ್ತದೆ. ಒಂದು ಪಿಕ್ಸೆಲ್‌ಗಿಂತ ಕಮ್ಮಿ ಬಂದರೆ ನಾನು ಅಲ್ಲಿಗೆ ಬಿಡುತ್ತೇನೆ.

ಸಿಕ್ಕ ಸಂಖ್ಯೆಗಳನ್ನು ಲೆನ್ಸ್‌ಫನ್ ಎಂಬ ಉಚಿತ ಲೆನ್ಸ್ ಮಾಹಿತಿ ಸಂಗ್ರಹದ ಎಕ್ಸ್‌ಎಂಎಲ್ ಫೈಲಿನಲ್ಲಿ ‘ಪಿಟಿಲೆನ್ಸ್’ (ಇದೇ ಎ, ಬಿ, ಸಿ ಲೆಕ್ಕದ ಹೆಸರು) ಮಾಡೆಲ್ ಅಂತ ಒಂದು ಸಾಲು ಬರೆದರೆ ಫೋಟೊ ಎಡಿಟರ್ ಡಾರ್ಕ್‌ಟೇಬಲ್ ಅವನ್ನು ಹಾಗೇ ತೆಗೆದುಕೊಳ್ಳುತ್ತದೆ. ಮ್ಯಾನುಯಲ್ ಲೆನ್ಸ್ ಆದ್ದರಿಂದ ಪಟ್ಟಿಯಿಂದ ನಾವೇ ಆರಿಸಬೇಕು, ಅಷ್ಟೇ. ಜೂಮ್ ಲೆನ್ಸ್ ಆದರೆ ಕೆಲಸ ಜಾಸ್ತಿ. ಒಂದೊಂದು ಫೋಕಲ್ ಲೆಂತಿಗೂ ಬೇರೆ ಅಳತೆ ಬೇಕು.

ಬೇಸರದ ವಿಷಯ ಅಂದರೆ ಮೆನುಗಳು. ಪನೋರಮಾ ಮಾಡುವವರಿಗಾಗಿ ಕಟ್ಟಿದ ಸಾಫ್ಟ್‌ವೇರ್, ಲೆನ್ಸ್ ಅಳೆಯುವವನು ಅಲ್ಲಿ ನೆಂಟನ ಹಾಗೆ ಓಡಾಡಬೇಕು. ಇನ್ನೊಂದು, ಬಾಗು ಫೋಕಸ್ ದೂರದ ಜೊತೆ ಸ್ವಲ್ಪ ಬದಲಾಗುತ್ತದೆ. ರಸ್ತೆಯಾಚೆಯ ಕಟ್ಟಡದಲ್ಲಿ ಅಳೆದ ಸಂಖ್ಯೆ ಚಿಕ್ಕ ಅಡುಗೆಮನೆಯಲ್ಲಿ ಅಷ್ಟು ಸರಿಯಾಗಿ ಕೂರುವುದಿಲ್ಲ. ಹತ್ತಿರದ ಫೋಕಸ್‌ಗೆ ನಾನು ಬೇರೆ ಪ್ರೊಫೈಲ್ ಇಟ್ಟುಕೊಂಡಿದ್ದೇನೆ.

ಹೊಸ ಮಿರರ್‌ಲೆಸ್ ಕ್ಯಾಮೆರಾ, ಅದರದ್ದೇ ಲೆನ್ಸ್ ಇರುವವರು ಇದಕ್ಕೆಲ್ಲ ಕೈ ಹಾಕಬೇಕಿಲ್ಲ. ಎಷ್ಟೋ ಕಡೆ ಜೆಪೆಗ್ ಕ್ಯಾಮೆರಾದಿಂದಲೇ ಸರಿಯಾಗಿ ಬರುತ್ತದೆ. ಹಾಗೂ ಅಳೆಯಲೇಬೇಕು ಅಂದರೆ ಕ್ಯಾಮೆರಾದ ಕಚ್ಚಾ ಫೈಲನ್ನು, ಅಂದರೆ ರಾ ಫೈಲನ್ನು, ಯಾವ ಕರೆಕ್ಷನ್ನೂ ಇಲ್ಲದೆ ಟಿಫ್ ಫೋಟೊ ಮಾಡಿಕೊಂಡು ಶುರು ಮಾಡಿ. ಹಳೇ ಮ್ಯಾನುಯಲ್ ಲೆನ್ಸ್ ಇದ್ದು ಗೋಡೆ, ಕಂಬ, ಬಾಗಿಲು ತೆಗೆಯುವವರಾದರೆ ಒಂದು ಭಾನುವಾರ ಇದಕ್ಕೆ ಕೊಡಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಉಳಿದ ಒಂದು ಆ ಮೆನುಗಳಿಗೆ ಹೋಯಿತು.