ಹೆದ್ದಾರಿಯಿಂದ ಎಷ್ಟು ದೂರ? ಶರತ್ಕಾಲದ ವಿಶ್ರಾಂತಿಗೆ ನಾಲ್ಕು ಕಡಲೂರುಗಳು

ದಸರೆಯ ರಜೆ ಮುಗಿದು ದೀಪಾವಳಿ ಇನ್ನೂ ಬಾರದ ನಡುವಿನ ದಿನಗಳಲ್ಲಿ ನಮ್ಮ ಕರಾವಳಿ ನೋಡಲು ಚಂದ. ಗುಡ್ಡಗಳು ಹಸಿರಾಗಿಯೇ ಇರುತ್ತವೆ, ಕಡಲಿನ ಮಳೆಗಾಲದ ಕೋಪ ಇಳಿದಿರುತ್ತದೆ, ದೋಣಿಗಳು ಮೀನು ತರುತ್ತಿರುತ್ತವೆ. ಚಿತ್ತೆ ಮಳೆ ಸಂಜೆ ಒಮ್ಮೆ ಗುಡುಗಿ ಹೋದರೆ ಹೋಗಲಿ. ಈ ಕಾಲದಲ್ಲಿ ಸುಮ್ಮನೆ ಬಿದ್ದುಕೊಂಡಿರಲು ಬೇರೆ ಬೇರೆ ಊರುಗಳಲ್ಲಿ ಉಳಿದು ನೋಡಿದ ಮೇಲೆ ನನ್ನ ಲೆಕ್ಕ ಒಂದೇ ಪ್ರಶ್ನೆಗೆ ಬಂದು ನಿಂತಿದೆ: ಮಲಗುವ ಕೋಣೆಯಿಂದ ರಾಷ್ಟ್ರೀಯ ಹೆದ್ದಾರಿ 66 ಎಷ್ಟು ದೂರ?

ಈ ಪರೀಕ್ಷೆಯಲ್ಲಿ ಮೊದಲು ಸೋಲುವುದು ಮರವಂತೆ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಫೋಟೊಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಫೋಟೊದಲ್ಲಿ ಲಾರಿಯ ಹಾರ್ನ್ ಕೇಳಿಸುವುದಿಲ್ಲ ಅಷ್ಟೆ. ದಾರಿಯಲ್ಲಿ ಇಳಿದು ಸೂರ್ಯಾಸ್ತ ನೋಡಿ ಮುಂದೆ ಹೋಗಿ, ರಾತ್ರಿ ಉಳಿಯಬೇಡಿ.

ಕಾರವಾರದ ಮೇಲೆ ನನಗೆ ಮೋಹವಿದೆ. ಜಿಲ್ಲಾ ಕೇಂದ್ರವಾದ್ದರಿಂದ ಮಳೆ ಹಿಡಿದರೂ ಹೊತ್ತು ಕಳೆಯಲು ಏನಾದರೂ ಇರುತ್ತದೆ: ದಡದ ಮೇಲೆ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯ ಒಳಗೆ ಓಡಾಡಬಹುದು, ಕಾಳಿ ನದಿ ದಾಟಿ ಸದಾಶಿವಗಡ ಹತ್ತಬಹುದು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1880ರ ದಶಕದಲ್ಲಿ ಬಂದಿದ್ದ ರವೀಂದ್ರನಾಥ ಟ್ಯಾಗೋರರ ಹೆಸರನ್ನೇ ಕಡಲತೀರಕ್ಕೂ ಇಟ್ಟಿದ್ದಾರೆ. ಮೀನೂಟದ ಜೊತೆ ಕೋಕಂ, ತೆಂಗಿನ ಹಾಲಿನ ಸೋಲ್ ಕಡಿ ಕುಡಿಯಲಾದರೂ ಇಲ್ಲಿಗೆ ಬರಬೇಕು. ಆದರೆ ಟ್ಯಾಗೋರರು ಕಂಡ ನೀರವ ತೀರಕ್ಕೂ ಊರಿಗೂ ನಡುವೆ ಈಗ ಅದೇ ಹೆದ್ದಾರಿ ಹಾದುಹೋಗಿದೆ. ಕಾರವಾರ ಸುತ್ತಾಡುವವರ ಊರು, ನಿದ್ದೆ ಮಾಡುವವರದ್ದಲ್ಲ.

ಹೊನ್ನಾವರಕ್ಕೆ ಹೋದರೆ ಶರಾವತಿಯ ದಕ್ಷಿಣ ದಡದ ಕಾಸರಕೋಡಿನಲ್ಲಿ ಉಳಿಯಬೇಕು. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರ, ಗಾಳಿಮರಗಳ ನೆರಳು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಕಾಲುದಾರಿ. ಹತ್ತಿರದ ಅಪ್ಸರಕೊಂಡದ ಜಲಪಾತದಲ್ಲಿ ಈ ಕಾಲದಲ್ಲಿ ಇನ್ನೂ ನೀರಿರುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನೂ ಇದನ್ನೇ ಆರಿಸುತ್ತೇನೆ. ಭಾನುವಾರ ಮಾತ್ರ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ.

ಒಬ್ಬನೇ ಹೋಗುವುದಾದರೆ ಕುಮಟಾ. ಪೇಟೆಯ ಮಧ್ಯೆ ಹೆದ್ದಾರಿ ಇಲ್ಲಿಯೂ ಇದೆ, ಅದರ ಗದ್ದಲವೂ ಇದೆ. ಆದರೆ ಪಡುವಣಕ್ಕೆ ತಿರುಗುವ ರಸ್ತೆಗಳು ವನ್ನಳ್ಳಿಗೋ ಬಾಡಕ್ಕೋ ಕಾಗಾಲಕ್ಕೋ ಹೋಗುತ್ತವೆ. ತೆಂಗಿನ ತೋಟ ಶುರುವಾದ ಮೇಲೆ ಲಾರಿಯ ಸದ್ದು ಹಿಂದೆಯೇ ಉಳಿಯುತ್ತದೆ. ಇನ್ನೂ ಮುಂದೆ ಅಘನಾಶಿನಿ ಎಂಬ ಹಳ್ಳಿ, ಅದೇ ಹೆಸರಿನ ನದಿ ಕಡಲು ಸೇರುವಲ್ಲಿ. ದೊಡ್ಡ ಅಣೆಕಟ್ಟು ಕಾಣದೆ ಘಟ್ಟ ಇಳಿದು ಬರುವ ನದಿ ಇದು. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ನೀರಿಗಿಳಿದು ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಗಜನಿ ಎಂಬ ಹಿನ್ನೀರಿನ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಕೊಯ್ಲಿಗೆ ಬರುವುದೂ ಇದೇ ಸುಮಾರಿಗೆ. ಪ್ರವಾಸಿ ಬಂದರೂ ಬಾರದಿದ್ದರೂ ಇಲ್ಲಿನವರಿಗೆ ಅವರದೇ ಕೆಲಸವಿದೆ. ನಮ್ಮನ್ನು ರಂಜಿಸಲು ಯಾರೂ ಕಾದು ನಿಂತಿಲ್ಲ ಎನ್ನುವುದೇ ನನಗೆ ದೊಡ್ಡ ಆರಾಮ. ಬೇಸರವಾದರೆ ದೋಣಿ ಹತ್ತಿ ತದಡಿಗೆ ದಾಟಿದರೆ ಗೋಕರ್ಣ ದೂರವಿಲ್ಲ. ಅಲ್ಲಿನ ಜನಜಂಗುಳಿ ನೋಡಿದ ಮೇಲೆ ವಾಪಸು ಬರುವ ಮನಸ್ಸು ತಾನಾಗಿಯೇ ಆಗುತ್ತದೆ.

ಕೊರತೆಗಳೂ ಇವೆ. ಹಳ್ಳಿಯ ಕಡೆ ರಾತ್ರಿಯೂಟ ಮೊದಲೇ ಹೇಳಿಡದಿದ್ದರೆ ಉಪವಾಸವೇ ಗತಿ. ಸಂಜೆಯ ಮೇಲೆ ರಿಕ್ಷಾ ಸಿಗುವುದು ಕಷ್ಟ, ಸಿಕ್ಕರೂ ಹಿಂತಿರುಗುವ ಬಾಡಿಗೆ ಸೇರಿಸಿ ಕೇಳುತ್ತಾರೆ. ಸೊಳ್ಳೆಗಳ ಬಗ್ಗೆ ಹೇಳುವುದೇ ಬೇಡ. ಜೀವರಕ್ಷಕರಿಲ್ಲದ ತೀರಗಳಲ್ಲಿ ಮೊಣಕಾಲಿನಾಚೆ ನೀರಿಗಿಳಿಯಬೇಡಿ, ಅಲೆ ಸಣ್ಣದಾಗಿ ಕಂಡರೂ ಸೆಳೆತವಿರುತ್ತದೆ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ರೈಲು ಬೆಳಿಗ್ಗೆ ಕುಂದಾಪುರ, ಹೊನ್ನಾವರ, ಕುಮಟಾ, ಕಾರವಾರ ಎಲ್ಲ ಕಡೆಯೂ ಇಳಿಸುತ್ತದೆ. ಹೊನ್ನಾವರದ ನಿಲ್ದಾಣ ಊರಿನ ಹೊರಗೆ ಕರ್ಕಿಯಲ್ಲಿದೆ ಎಂಬುದು ನೆನಪಿರಲಿ. ಟಿಕೆಟ್ ಶುಕ್ರವಾರದ್ದು ಬೇಡ, ಸೋಮವಾರದ್ದು ತೆಗೆಯಿರಿ.