ಹೋಸ್ಟ್‌ನ ಹಂಗಿಲ್ಲದ ಕ್ರಾಸ್ ಕಂಪೈಲ್: ನಾನು ಹಿಡಿದ ಮೂರು ದಾರಿಗಳು

ಬದಿಯಡ್ಕದ ನಮ್ಮ ಅಡಿಕೆ ತೋಟದಲ್ಲಿ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಬಂದು ಬೀಳುವ ಟಾಂಕಿಯ ಮಟ್ಟವನ್ನು ಅಳೆದು ಮನೆಗೆ ತಿಳಿಸಲು ಹಳೆಯ ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರೊಂದನ್ನು ಇಟ್ಟಿದ್ದೇನೆ. ಅದರ 512 ಎಂಬಿ ಮೆಮೊರಿಯಲ್ಲಿ ಓಪನ್‌ಎಸ್‌ಎಸ್‌ಎಲ್ (ಗೂಢಲಿಪೀಕರಣದ ಲೈಬ್ರರಿ) ಮತ್ತು ಲಿಬ್‌ಕರ್ಲ್‌ಗಳನ್ನು (ಜಾಲದ ಮೂಲಕ ಮಾಹಿತಿ ಕಳಿಸುವ ಲೈಬ್ರರಿ) ಕಂಪೈಲ್ ಮಾಡುತ್ತ, ಅಂದರೆ ಮೂಲ ಕೋಡನ್ನು ಯಂತ್ರಭಾಷೆಗೆ ತಿರುಗಿಸುತ್ತ ಕೂರುವಷ್ಟು ತಾಳ್ಮೆ ಇಲ್ಲದ್ದರಿಂದ, ಲ್ಯಾಪ್‌ಟಾಪಿನಲ್ಲೇ (ಇಲ್ಲಿ ಅದೇ ಹೋಸ್ಟ್) ಪೈಗಾಗಿ ಕಟ್ಟಿ ಒಯ್ಯುವ, ಅಂದರೆ ಕ್ರಾಸ್ ಕಂಪೈಲ್ ಮಾಡುವ ಮೂರು ವಿಧಾನಗಳನ್ನು ಪ್ರಯೋಗಿಸಿದೆ.

ಮೊದಲನೆಯದು ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಪ್ಯಾಕೇಜಾಗಿಯೇ ಸಿಗುವ, ಆರ್ಮ್ ಪ್ರೊಸೆಸರುಗಳಿಗೆ ಕೋಡು ಕಟ್ಟುವ ಜಿಸಿಸಿ ಕಂಪೈಲರ್. ಸ್ಥಾಪನೆ ಎರಡು ನಿಮಿಷದ ಕೆಲಸ. ಆದರೆ ಅದು ಆರ್ಮ್‌ವಿ7ಕ್ಕೆ ಹೊಂದಿಸಿದ್ದು, ಪೈ ಝೀರೋದ ಪ್ರೊಸೆಸರ್ ಅದಕ್ಕಿಂತ ಹಿಂದಿನ ಪೀಳಿಗೆಯ ಆರ್ಮ್‌ವಿ6. ಫಲವಾಗಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ (ಪ್ರೊಸೆಸರಿಗೆ ಗೊತ್ತಿಲ್ಲದ ಆಜ್ಞೆ) ಎಂಬ ಒಂದೇ ಸಾಲು ಬಂತು. ನನ್ನ ಕೋಡನ್ನು ಆರ್ಮ್‌ವಿ6ಕ್ಕೆ ಬದಲಿಸಿದರೂ ಅದರೊಡನೆ ಬರುವ ಸಿ ಲೈಬ್ರರಿಯ ತುಣುಕುಗಳು ಆರ್ಮ್‌ವಿ7ಕ್ಕೇ ಅಂಟಿಕೊಂಡಿದ್ದವು. ಈ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದಾದ, ಝಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಬರುವ ಸಿ ಕಂಪೈಲರ್ ನನಗೆ ಹೆಚ್ಚು ಹಿಡಿಸಿತು. ಬಿಚ್ಚಿಟ್ಟ ಒಂದೇ ಫೋಲ್ಡರಿನಲ್ಲಿ ಮಸಲ್ ಎಂಬ ಪುಟ್ಟ ಸಿ ಲೈಬ್ರರಿಯ ಮೂಲವೂ ಹಲವು ಗುರಿಗಳ ಹೆಡರುಗಳೂ ಇರುವುದಲ್ಲದೆ, ಗುರಿಯ ಹೆಸರಿನ ತುದಿಗೆ 2.28 ಎಂದು ಸೇರಿಸಿದರೆ ಆ ಆವೃತ್ತಿಯ ಜಿಲಿಬ್‌ಸಿಗೇ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿ) ಲಿಂಕ್ ಮಾಡುತ್ತದೆ, ಅಂದರೆ ಜೋಡಿಸುತ್ತದೆ. ಆದರೂ ಲಿಬ್‌ಕರ್ಲ್ ಎಡವಿತು. ಅದರ ಕಾನ್ಫಿಗರ್ ಕಡತವು, ಲೈಬ್ರರಿಗಳು ಎಲ್ಲಿವೆ ಎಂದು ಹುಡುಕಿಕೊಡುವ ಪಿಕೆಜಿ-ಕಾನ್ಫಿಗ್ ಅನ್ನು ವಿಚಾರಿಸಿದಾಗ, ಅದು ಲ್ಯಾಪ್‌ಟಾಪಿನ ಓಪನ್‌ಎಸ್‌ಎಸ್‌ಎಲ್ ಅನ್ನು ನೋಡಿ ‘ಇದೆ’ ಎಂದು ಉತ್ತರಿಸಿತು. ಲಿಂಕ್ ಹಂತ ಕೈಕೊಟ್ಟಿತು. ಪಿಕೆಜಿ_ಕಾನ್ಫಿಗ್_ಪಾತ್ ಎಂಬ ಸೆಟ್ಟಿಂಗ್ ಅದರ ಹುಡುಕಾಟಕ್ಕೆ ಹೊಸ ದಾರಿಯನ್ನು ಸೇರಿಸುತ್ತದೆಯೇ ಹೊರತು ಹಳೆಯದನ್ನು ತೆಗೆಯುವುದಿಲ್ಲ. ತೆಗೆಯಬೇಕಾದರೆ ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್ ಅನ್ನೇ ಬದಲಿಸಬೇಕೆಂದು ತಿಳಿಯಲು ನನಗೆ ಒಂದಿಡೀ ಭಾನುವಾರ ಹಿಡಿಯಿತು. ಕಂಪೈಲರ್ ಎಷ್ಟೇ ಸ್ವತಂತ್ರವಾಗಿದ್ದರೂ ಲೈಬ್ರರಿ ಹುಡುಕುವವನು ಹೋಸ್ಟ್‌ನ ಮನೆಯವನಾದರೆ ಪ್ರಯೋಜನವಿಲ್ಲ.

ಮೂರನೆಯದು ಬಿಲ್ಡ್‌ರೂಟ್, ಪುಟ್ಟ ಯಂತ್ರಗಳಿಗೆ ಇಡೀ ಲಿನಕ್ಸ್ ವ್ಯವಸ್ಥೆಯನ್ನೇ ಕಟ್ಟುವ ಸಾಧನ. ಅದು ಈ ಹುಡುಕುವವನನ್ನೂ ತಾನೇ ಕಟ್ಟಿಕೊಡುತ್ತದೆ. ಟೂಲ್‌ಚೈನ್ (ಕಂಪೈಲರ್, ಲಿಂಕರ್‌ಗಳ ಗುಂಪು), ಸಿಸ್‌ರೂಟ್ (ಗುರಿಯ ಹೆಡರು, ಲೈಬ್ರರಿಗಳಿರುವ ಫೋಲ್ಡರು), ಪಿಕೆಜಿ-ಕಾನ್ಫಿಗ್ ಎಲ್ಲವೂ ಅದರದೇ. ಯಾವುದಾದರೂ ಪ್ಯಾಕೇಜು ಹೋಸ್ಟ್‌ನ ಯುಎಸ್‌ಆರ್ ಫೋಲ್ಡರಿನ ಹೆಡರುಗಳತ್ತ ಕೈಚಾಚಿದರೆ ಅದರ ಕಂಪೈಲರ್ ಹೊದಿಕೆ ಅಸುರಕ್ಷಿತ ದಾರಿ ಎಂದು ತಡೆದು ನಿಲ್ಲಿಸುತ್ತದೆ. ಶುರುವಿಗೆ ಲ್ಯಾಪ್‌ಟಾಪಿನ ಜಿಸಿಸಿ, ಮೇಕ್, ಪರ್ಲ್ ಬೇಕೇ ಬೇಕು, ಸಂಪೂರ್ಣ ಸನ್ಯಾಸವೇನಲ್ಲ. ಇದರ ಬೆಲೆ ಸಮಯ. ಆಟಿ ತಿಂಗಳ ಮಳೆಗೆ ನಡುರಾತ್ರಿ ಕರೆಂಟು ಹೋಗಿ ಲ್ಯಾಪ್‌ಟಾಪೂ ಆರಿತು. ಮುಗಿದ ಪ್ಯಾಕೇಜುಗಳನ್ನು ಬಿಲ್ಡ್‌ರೂಟ್ ನೆನಪಿಟ್ಟಿದ್ದರಿಂದ ಮರುದಿನ ಮೊದಲಿನಿಂದ ಕಟ್ಟಬೇಕಾಗಲಿಲ್ಲ. ಆದರೆ ಟೂಲ್‌ಚೈನಿನ ಆಯ್ಕೆಯೊಂದನ್ನು ಬದಲಿಸಿದ ದಿನ ಆ ಅನುಕೂಲವೂ ಸಿಗಲಿಲ್ಲ.

ಈಗ ಟಾಂಕಿಯ ಬಳಿಯ ಎಸ್‌ಡಿ ಕಾರ್ಡು ಬಿಲ್ಡ್‌ರೂಟ್ ಕಟ್ಟಿದ್ದು. ಬೇರೆ ಲೈಬ್ರರಿ ಬೇಡದ ಸಣ್ಣ ಉಪಕರಣಗಳನ್ನು ಝಿಗ್‌ನಿಂದ ಮಸಲ್‌ಗೆ ಸ್ಥಿರವಾಗಿ (ಲೈಬ್ರರಿಯನ್ನು ಕಡತದೊಳಗೇ ಸೇರಿಸಿ) ಲಿಂಕ್ ಮಾಡಿ, ಒಯ್ಯುವ ಮುನ್ನ ಕಟ್ಟಿದ ಕಡತದ ಒಳವಿವರ ತೋರಿಸುವ ರೀಡ್‌ಎಲ್ಫ್‌ನಲ್ಲಿ ‘ನೀಡೆಡ್’ (ಬೇರೆ ಲೈಬ್ರರಿ ಬೇಕೆನ್ನುವ) ಸಾಲು ಒಂದೂ ಇಲ್ಲವೆಂದು ನೋಡಿಕೊಳ್ಳುತ್ತೇನೆ.