ಸಿಎ ಇಂಟರ್‌ಗೆ ವಿಡಿಯೋ ಕ್ಲಾಸೋ, ಐಸಿಎಐ ಪುಸ್ತಕವೋ?

ಬಳ್ಳಾರಿ ಬಿಟ್ಟು ಹೋಗದೆ ಸಿಎ ಇಂಟರ್ (ಚಾರ್ಟರ್ಡ್ ಅಕೌಂಟೆಂಟ್ ಕೋರ್ಸಿನ ಎರಡನೇ ಹಂತ; ಎರಡು ಗ್ರೂಪ್, ಒಟ್ಟು ಆರು ಪೇಪರ್) ಓದುವವರಿಗೆ ಇರುವ ದಾರಿ ಮುಖ್ಯವಾಗಿ ಎರಡು: ದುಡ್ಡು ಕೊಟ್ಟು ರೆಕಾರ್ಡೆಡ್ ಕ್ಲಾಸ್ ನೋಡುವುದು, ಇಲ್ಲವೇ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐಯ ಸ್ಟಡಿ ಮೆಟೀರಿಯಲ್ ಹಿಡಿದು ಕೂರುವುದು. ನಾನು ಮೊದಲ ಗ್ರೂಪನ್ನು ಹೆಚ್ಚಾಗಿ ವಿಡಿಯೋದಲ್ಲಿ, ಎರಡನೆಯದನ್ನು ಹೆಚ್ಚಾಗಿ ಪುಸ್ತಕದಲ್ಲಿ ಓದಿದೆ.

ಅಡ್ವಾನ್ಸ್ಡ್ ಅಕೌಂಟಿಂಗ್‌ಗೆ ವಿಡಿಯೋ ಬೇಕೇ ಬೇಕು. ಎಎಸ್ 21 ಎಂಬ ಅಕೌಂಟಿಂಗ್ ಮಾನದಂಡದ ಕನ್ಸಾಲಿಡೇಶನ್ ಲೆಕ್ಕದಲ್ಲಿ (ಮಾತೃ ಕಂಪನಿ, ಅಂಗ ಕಂಪನಿಗಳ ಲೆಕ್ಕ ಒಟ್ಟು ಮಾಡುವುದು) ಮೈನಾರಿಟಿ ಇಂಟರೆಸ್ಟ್, ಅಂದರೆ ಅಂಗ ಕಂಪನಿಯಲ್ಲಿ ಹೊರಗಿನ ಷೇರುದಾರರ ಪಾಲು, ಎಲ್ಲಿಂದ ಬಂತು ಅನ್ನುವುದು, ಯಾರಾದರೂ ಒಂದೊಂದೇ ಸಾಲು ಬರೆದು ತೋರಿಸಿದಾಗಲೇ ತಲೆಗೆ ಹತ್ತುತ್ತದೆ.

ಜಿಎಸ್‌ಟಿಯಲ್ಲಿ ಮಾತ್ರ ಪುಸ್ತಕದ ಬಲ ಗೊತ್ತಾಯಿತು. ನಮ್ಮೂರ ಜೀನ್ಸ್ ಧಂದೆಯನ್ನೇ ನೋಡಿ. ಕಟಿಂಗ್ ಆದ ಬಟ್ಟೆ ಡೆಲಿವರಿ ಚಲನ್ ಮೇಲೆ ಹೊಲಿಗೆಗೆ ಒಂದು ಕಡೆ, ವಾಷಿಂಗ್‌ಗೆ ಇನ್ನೊಂದು ಕಡೆ ಹೋಗುತ್ತದೆ. ಇದು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 143ರ ಜಾಬ್ ವರ್ಕ್: ಮಾಲು ನಮ್ಮದು, ಕೆಲಸ ಮಾತ್ರ ಬೇರೆಯವರದು. ವಿಡಿಯೋದಲ್ಲಿ 'ಒಂದು ವರ್ಷದೊಳಗೆ ವಾಪಸ್ ಬರಬೇಕು' ಎಂದು ಕೇಳಿದರೆ ಎಲ್ಲ ಅರ್ಥವಾದಂತೆಯೇ ಅನಿಸುತ್ತದೆ. ಬರದಿದ್ದರೆ? ವರ್ಷ ಮುಗಿದ ದಿನವಲ್ಲ, ಮಾಲು ಕಳಿಸಿದ ದಿನವೇ ಸಪ್ಲೈ ಆಯಿತೆಂದು ಕಾನೂನು ಎಣಿಸುತ್ತದೆ, ತೆರಿಗೆಯ ಮೇಲೆ ಬಡ್ಡಿಯೂ ಬೀಳುತ್ತದೆ. ಇಂಥ ಸೂಕ್ಷ್ಮ ನನಗೆ ಗಟ್ಟಿಯಾಗಿದ್ದು ಪುಸ್ತಕದ ಪ್ರಶ್ನೆಗಳಿಗೆ ಪೆನ್ನು ಹಿಡಿದು ಉತ್ತರ ಬರೆದಾಗ.

ಆಡಿಟಿಂಗ್‌ನಲ್ಲಂತೂ ಪುಸ್ತಕಕ್ಕೆ ಎದುರಿಲ್ಲ. ಎಸ್‌ಎ 500, ಎಸ್‌ಎ 505 ಎಂಬ ಆಡಿಟಿಂಗ್ ಮಾನದಂಡಗಳ ಮಾತುಗಳನ್ನು ಆದಷ್ಟು ಅದರದೇ ಪದಗಳಲ್ಲಿ ಬರೆಯಬೇಕು. ಕ್ಲಾಸಿನವರ ಚುಟುಕು ನೋಟ್ಸ್‌ನಲ್ಲಿ ಆ ಪದಗಳೇ ಮಾಯ. ಕಾಸ್ಟಿಂಗ್‌ಗೂ ಪುಸ್ತಕವೇ ಸಾಕಾಯಿತು. ಎಸ್‌ಎಂ (ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್) ಓದಿಕೊಂಡು ಹೋಗುವಂಥದ್ದೇ.

ಮೇ ಪರೀಕ್ಷೆಗೆ ಕೂರುವವರಿಗೆ ಇನ್ನೊಂದು ಮಾತು. ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದರೆ ವಿಡಿಯೋ ಅಲ್ಲಿಗೇ ನಿಲ್ಲುತ್ತದೆ, ಪುಸ್ತಕ ನಿಲ್ಲುವುದಿಲ್ಲ.

ಯಾವುದನ್ನೇ ಆರಿಸಿದರೂ ಆರ್‌ಟಿಪಿ (ಪರೀಕ್ಷೆಗೆ ಮುನ್ನ ಐಸಿಎಐ ಬಿಡುವ ರಿವಿಷನ್ ಟೆಸ್ಟ್ ಪೇಪರ್), ಮಾಕ್ ಟೆಸ್ಟ್ ಪೇಪರ್ ಬಿಡಬೇಡಿ. ಎರಡೂ ಐಸಿಎಐ ವೆಬ್‌ಸೈಟ್‌ನಲ್ಲಿ ಪುಕ್ಕಟೆ. ಪ್ರತಿ ಪೇಪರ್‌ನಲ್ಲಿ 40, ಗ್ರೂಪಿಗೆ ಒಟ್ಟು ಶೇ. 50 ಬರಬೇಕು, ಪ್ರತಿ ಪೇಪರ್‌ನ ನೂರರಲ್ಲಿ 30 ಅಂಕ ಎಂಸಿಕ್ಯೂ (ಸರಿಯುತ್ತರ ಆರಿಸುವ ಪ್ರಶ್ನೆ), ಉಳಿದ 70 ಬರೆದೇ ಗಳಿಸಬೇಕು. ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಬರೆಯುವ ಅಭ್ಯಾಸವನ್ನು ಯಾವ ವಿಡಿಯೋವೂ ಕೊಡುವುದಿಲ್ಲ.

ಮನೆಯಲ್ಲಿ ಒಂದೇ ಕ್ಲಾಸಿಗೆ ದುಡ್ಡಿದ್ದರೆ ಅಕೌಂಟಿಂಗ್ ತಗೊಳ್ಳಿ. ಉಳಿದ ಐದಕ್ಕೆ ಪುಸ್ತಕ ಸಾಕು.